ಜನವರಿ 17ರ ನಂತರದ ಖಾಲಿ ಪುಟಗಳು

ಪ್ರಶ್ನೆ: ನನಗೆ 38 ವರ್ಷ. ಕಚೇರಿ ಕೆಲಸ, ಮನೆಯಲ್ಲಿ ಇಬ್ಬರು ಮಕ್ಕಳು. ಪ್ರತಿ ವರ್ಷ ಡಿಸೆಂಬರ್ 31ರ ರಾತ್ರಿ ಹೊಸ ಡೈರಿಯ ಮೊದಲ ಪುಟದಲ್ಲಿ ಸಂಕಲ್ಪಗಳ ಪಟ್ಟಿ ಬರೆಯುತ್ತೇನೆ. ಕಳೆದ ವರ್ಷ ಹನ್ನೊಂದು ಬರೆದಿದ್ದೆ: ಬೆಳಗಿನ ಐದಕ್ಕೆ ಏಳುವುದು, ದಿನವೂ ಒಂದು ಗಂಟೆ ವ್ಯಾಯಾಮ, ತಿಂಗಳಿಗೆ ಎರಡು ಪುಸ್ತಕ, ರಾತ್ರಿ ಮೊಬೈಲ್ ಮುಟ್ಟದಿರುವುದು, ಸಿಟ್ಟು ಮಾಡದಿರುವುದು ಇತ್ಯಾದಿ. ಜನವರಿ 16ರವರೆಗೆ ಡೈರಿಯಲ್ಲಿ ಟಿಕ್ ಗುರುತುಗಳಿವೆ. 17ರಂದು ಜ್ವರ ಬಂದು ಮಲಗಿದೆ. ಅಲ್ಲಿಂದ ಮುಂದಿನ ಪುಟಗಳೆಲ್ಲ ಖಾಲಿ. ಪತ್ನಿ ‘ಆರಂಭಶೂರ’ ಎಂದು ಹಾಸ್ಯ ಮಾಡುತ್ತಾಳೆ. ನನ್ನಲ್ಲಿ ಮನೋಬಲವೇ ಇಲ್ಲವೇ? ಈ ಸಲ ಸಂಕಲ್ಪದ ಗೊಡವೆಗೇ ಹೋಗದಿರುವುದು ಒಳ್ಳೆಯದೇ?
— ಹೆಸರು, ಊರು ಬೇಡ

ಉತ್ತರ: ಹದಿನಾರು ದಿನಗಳ ಕಾಲ ಹನ್ನೊಂದು ಸಂಕಲ್ಪಗಳನ್ನು ಒಟ್ಟಿಗೆ ನಡೆಸಿದವರಿಗೆ ಮನೋಬಲವಿಲ್ಲವೆಂದು ನಾನು ಹೇಳಲಾರೆ. ಜ್ವರದಲ್ಲಿ ವ್ಯಾಯಾಮ ತಪ್ಪುವುದು ಸಹಜ, ತಪ್ಪಿಸಲೇಬೇಕು ಕೂಡ. ನಾನು ತಿಳಿಯಬಯಸುವುದು, ಜ್ವರ ಇಳಿದ ಮೇಲೆ 20ರಂದೋ 21ರಂದೋ ಆ ಡೈರಿಯನ್ನು ಕೈಗೆತ್ತಿಕೊಂಡಾಗ ನಿಮ್ಮ ಮನಸ್ಸಿನಲ್ಲಿ ಏನು ಹಾದುಹೋಯಿತು ಎಂಬುದನ್ನು. ಬಹುಶಃ ನಾಲ್ಕು ಖಾಲಿ ಪುಟಗಳನ್ನು ಕಂಡು, ‘ಹೇಗೂ ಕೆಟ್ಟಿತಲ್ಲ, ಇನ್ನು ಮುಂದಿನ ವರ್ಷ ನೋಡೋಣ’ ಎಂದುಕೊಂಡು ಡೈರಿಯನ್ನು ಮುಚ್ಚಿಟ್ಟಿರಿ. ನಿಮ್ಮ ಸಂಕಲ್ಪ ಮುರಿದದ್ದು ಆ ಗಳಿಗೆಯಲ್ಲಿ. ಪಾಪ, ಜ್ವರದ ಮೇಲೆ ಆ ತಪ್ಪನ್ನು ಹೊರಿಸುವಂತಿಲ್ಲ.

1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ನಾರ್‌ಕ್ರಾಸ್ ಮತ್ತು ಅವರ ಸಹೋದ್ಯೋಗಿ, ಹೊಸ ವರ್ಷದ ಸಂಕಲ್ಪ ಮಾಡಿದ 200 ಜನರನ್ನು ಎರಡು ವರ್ಷಗಳವರೆಗೆ ವಿಚಾರಿಸುತ್ತಾ ಬಂದರು. ಮೊದಲ ವಾರ ದಾಟಿದವರು ಶೇ 77. ಎರಡು ವರ್ಷದ ಕೊನೆಗೆ ಉಳಿದವರು ಶೇ 19. ಈ ಅಂಕಿಗಳನ್ನು ಅನೇಕರು ಎತ್ತಿ ಹೇಳುತ್ತಾರೆ, ಆದರೆ ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಹೆಚ್ಚು ಉಪಯುಕ್ತವಾಗಿ ಕಾಣುತ್ತದೆ: ಗೆದ್ದವರಲ್ಲಿಯೇ ಅರ್ಧಕ್ಕಿಂತ ಹೆಚ್ಚು ಮಂದಿ ಒಮ್ಮೆಯಾದರೂ ಜಾರಿದ್ದರು, ಮತ್ತು ಹಾಗೆ ಜಾರಿದ ಪ್ರಸಂಗಗಳ ಸರಾಸರಿ ಎರಡು ವರ್ಷಗಳಲ್ಲಿ 14 ಇತ್ತು. ಅಂದರೆ ಅವರ ಡೈರಿಗಳಲ್ಲಿಯೂ ಖಾಲಿ ಪುಟಗಳಿದ್ದವು. ಆ ಪುಟಗಳ ಆಚೆಗೆ ಬರವಣಿಗೆ ಮತ್ತೆ ಶುರುವಾಗಿತ್ತು.

ಆದ್ದರಿಂದ ಈ ಬಾರಿ ಸಂಕಲ್ಪವನ್ನು ಬರೆದ ಮೇಲೆ, ಅದರ ಕೆಳಗೆಯೇ, ತಪ್ಪಿದರೆ ಏನು ಮಾಡುತ್ತೇನೆ ಎಂಬ ಇನ್ನೊಂದು ಸಾಲನ್ನೂ ಬರೆಯಿರಿ. ‘ಒಂದು ದಿನ ತಪ್ಪಿದರೆ, ಕೈಲಾದ ಮೊದಲ ದಿನವೇ ಹತ್ತು ನಿಮಿಷ ನಡೆದು ಬರುತ್ತೇನೆ’ ಎಂಬಷ್ಟು ಸಣ್ಣ ಸಾಲು ಸಾಕು. ತಪ್ಪಿದ್ದನ್ನು ಬಡ್ಡಿಸಮೇತ ತೀರಿಸಲು ಮರುದಿನ ಎರಡು ಗಂಟೆ ಬೆವರು ಹರಿಸುವ ಹಟ ಬೇಡ. ಮೈಕೈ ನೋವಿನಿಂದ ಮೂರನೆಯ ದಿನ ಮತ್ತೆ ತಪ್ಪಿಸಿ, ಮನಸ್ಸು ಕಹಿ ಮಾಡಿಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಇನ್ನು ಪಟ್ಟಿಯ ವಿಚಾರ. ಹನ್ನೊಂದರಲ್ಲಿ ಒಂದನ್ನು, ಹೆಚ್ಚೆಂದರೆ ಎರಡನ್ನು ಉಳಿಸಿಕೊಳ್ಳಿ. ಉಳಿದವುಗಳಿಗೆ ಎಳ್ಳುನೀರು ಬಿಡಬೇಕಿಲ್ಲ, ಏಪ್ರಿಲ್‌ನಲ್ಲಿಯೋ ಜುಲೈಯಲ್ಲಿಯೋ ಅವುಗಳ ಸರದಿ ಬರಲಿ. ‘ಮುಟ್ಟದಿರುವುದು’, ‘ಮಾಡದಿರುವುದು’ ಎಂಬ ಬಗೆಯ ಸಂಕಲ್ಪಗಳಲ್ಲಿ ಒಂದು ತೊಡಕಿದೆ: ಬಿಟ್ಟ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವು ಹೇಳುವುದಿಲ್ಲ. ಸ್ವೀಡನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಜನರ ಸಂಕಲ್ಪಗಳನ್ನು ಒಂದು ವರ್ಷ ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏನನ್ನಾದರೂ ಮಾಡುವ ಗುರಿ ಇಟ್ಟುಕೊಂಡವರಲ್ಲಿ ಸುಮಾರು ಶೇ 59 ಮಂದಿ ತಾವು ಯಶಸ್ವಿಯಾದೆವೆಂದರೆ, ಏನನ್ನಾದರೂ ಬಿಡುವ ಗುರಿಯವರಲ್ಲಿ ಹಾಗೆಂದವರು ಸುಮಾರು ಶೇ 47. ನಿಮ್ಮ ಮೊಬೈಲ್ ಸಂಕಲ್ಪವನ್ನೇ ‘ರಾತ್ರಿ ಹತ್ತಕ್ಕೆ ಮೊಬೈಲನ್ನು ಹಜಾರದಲ್ಲಿ ಚಾರ್ಜಿಗೆ ಹಾಕಿ, ದಿಂಬಿನ ಪಕ್ಕದ ಪುಸ್ತಕ ತೆರೆಯುತ್ತೇನೆ’ ಎಂದು ತಿರುಗಿಸಿ ಬರೆದರೆ, ಪುಸ್ತಕದ ಸಂಕಲ್ಪವೂ ಅದರೊಳಗೇ ಸೇರಿಬಿಡುತ್ತದೆ.

ಹೊತ್ತು ಮತ್ತು ಜಾಗವನ್ನು ಹೀಗೆ ಗೊತ್ತುಮಾಡಿಕೊಳ್ಳುವುದು ಸಣ್ಣ ವಿಷಯದಂತೆ ಕಂಡರೂ ಅದರ ಪರಿಣಾಮ ದೊಡ್ಡದು. 2002ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗವೊಂದರಲ್ಲಿ, ಮುಂದಿನ ವಾರ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ವ್ಯಾಯಾಮ ಮಾಡುತ್ತೇವೆಂದು ಬರೆದುಕೊಟ್ಟ ವಿದ್ಯಾರ್ಥಿಗಳಲ್ಲಿ ಶೇ 91 ಮಂದಿ ಆ ವಾರ ಒಮ್ಮೆಯಾದರೂ 20 ನಿಮಿಷ ವ್ಯಾಯಾಮ ಮಾಡಿದರು. ವ್ಯಾಯಾಮದಿಂದ ಹೃದಯಕ್ಕಾಗುವ ಲಾಭವನ್ನು ಮಾತ್ರ ಓದಿಸಲಾಗಿದ್ದ ಗುಂಪಿನಲ್ಲಿ ಮಾಡಿದವರು ಶೇ 35. ಒಂದು ವಾರದ ಫಲಿತಾಂಶವನ್ನು ಇಡೀ ವರ್ಷಕ್ಕೆ ಹಿಗ್ಗಿಸುವುದು ಸರಿಯಲ್ಲವಾದರೂ, ಶುರುಮಾಡುವುದಕ್ಕೆ ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಸಂಕಲ್ಪವನ್ನೇ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಬೇಡ. ನಾರ್‌ಕ್ರಾಸ್ ಅವರದೇ 2002ರ ಅಧ್ಯಯನದಲ್ಲಿ, ಬದಲಾಗುವ ಆಸೆ ಇದ್ದವರ ಪೈಕಿ ಸಂಕಲ್ಪ ಮಾಡಿದವರಲ್ಲಿ ಶೇ 46 ಮಂದಿ ಆರು ತಿಂಗಳ ನಂತರವೂ ಅದನ್ನು ಉಳಿಸಿಕೊಂಡಿದ್ದರು. ಸಂಕಲ್ಪ ಮಾಡದೆ ‘ಮುಂದೆಂದಾದರೂ ನೋಡೋಣ’ ಎಂದವರಲ್ಲಿ ಹಾಗೆ ಬದಲಾದವರು ಶೇ 4 ಮಾತ್ರ. ಸಿಟ್ಟಿನ ವಿಚಾರವನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಅದಕ್ಕೆ ಟಿಕ್ ಗುರುತು ಹೊಂದುವುದಿಲ್ಲ. ಯಾವಾಗ, ಯಾರ ಮೇಲೆ, ಯಾಕೆ ಬರುತ್ತದೆಂದು ಬರೆದು ಕಳುಹಿಸಿದರೆ ಪ್ರತ್ಯೇಕವಾಗಿ ಉತ್ತರಿಸುತ್ತೇನೆ.

ಪ್ರಶ್ನೆ: 21 ದಿನ ಬಿಡದೆ ಮಾಡಿದರೆ ಯಾವುದೇ ಅಭ್ಯಾಸ ರೂಢಿಯಾಗುತ್ತದೆ ಎನ್ನುತ್ತಾರೆ. ನಾನು 30 ದಿನ ಪ್ರಾಣಾಯಾಮ ಮಾಡಿದರೂ ಇವತ್ತಿಗೂ ನೆನಪಿಸಿಕೊಂಡು, ಬಲವಂತವಾಗಿಯೇ ಕೂರಬೇಕಾಗಿದೆ. ಏನು ದೋಷ?
— ಒಬ್ಬ ಓದುಗರು

ಉತ್ತರ: ದೋಷ ಆ ಲೆಕ್ಕದಲ್ಲಿದೆ. ಶಸ್ತ್ರಚಿಕಿತ್ಸೆಯ ನಂತರ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕೆಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುತ್ತಾ ‘ಕನಿಷ್ಠ’ ಎಂಬ ಪದ ಉದುರಿಹೋಯಿತು, ಮುಖದ ಜಾಗಕ್ಕೆ ಅಭ್ಯಾಸ ಬಂದು ಕುಳಿತಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಪ್ರಕಾರ, ಒಂದು ಕೆಲಸ ತನ್ನಷ್ಟಕ್ಕೆ ನಡೆಯುವಂತಾಗಲು ಹಿಡಿಯುವ ಕಾಲ ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ಹರಡಿಕೊಂಡಿತ್ತು. ನಡುವಿನ ಅಂದಾಜು 66 ದಿನ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆ ಆಗಲಿಲ್ಲವೆಂಬುದೂ ಅದರಲ್ಲಿಯೇ ಇದೆ. ನೀವು 30ನೆಯ ದಿನದಲ್ಲಿದ್ದೀರಿ. ದಿನವೂ ಒಂದೇ ಕೆಲಸದ ಬೆನ್ನಿಗೆ, ಉದಾಹರಣೆಗೆ ಹಲ್ಲುಜ್ಜಿ ಮುಖ ಒರೆಸಿಕೊಂಡ ಕೂಡಲೇ, ಅದೇ ಜಾಗದಲ್ಲಿ ಕುಳಿತುಕೊಳ್ಳಿ. ನೆನಪಿಸುವ ಕೆಲಸವನ್ನು ಆ ಟವೆಲ್ಲೇ ಮಾಡುತ್ತದೆ.