ಇಡ್ಲಿ ತಿಂದ ಮೇಲೆ 148 ಬಂತು ಡಾಕ್ಟ್ರೇ!

ಪ್ರಶ್ನೆ: ವಯಸ್ಸು 34. ಮಾರತ್ತಹಳ್ಳಿಯಲ್ಲಿ ಸಾಫ್ಟ್‌ವೇರ್ ಕೆಲಸ. ಅಪ್ಪನಿಗೆ ಶುಗರ್ ಇದೆ, ನನಗಿಲ್ಲ. ಫಾಸ್ಟಿಂಗ್ (ಖಾಲಿ ಹೊಟ್ಟೆಯ ಶುಗರ್) 88, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆ) 5.2. ಆದರೂ ಇರಲಿ ಅಂತ ತೋಳಿಗೆ ಶುಗರ್ ಅಳೆಯುವ ಸೆನ್ಸರ್ ಹಾಕಿಸಿಕೊಂಡೆ. ನಾಲ್ಕು ಇಡ್ಲಿ ತಿಂದ ಮೇಲೆ 148 ತೋರಿಸಿತು. ಇಡ್ಲಿ, ಅನ್ನ ಎರಡೂ ಬಿಟ್ಟಿದ್ದೇನೆ. ಮುಂದೇನು?

ಉತ್ತರ: ಮೊದಲು ಆ ಸೆನ್ಸರ್ ತೆಗೆದಿಡಿ ಮಾರಾಯರೇ. ಈ ಪ್ರಶ್ನೆ ಕೇಳಿದವರಲ್ಲಿ ನೀವು ಎಷ್ಟನೆಯವರೋ, ಎಣಿಸೋದನ್ನೇ ಬಿಟ್ಟಿದ್ದೇನೆ. ತಿಂದ ಮೇಲೆ ಸಕ್ಕರೆ ಏರಲೇಬೇಕು ಅಲ್ವಾ? ಶುಗರ್ ಇಲ್ಲದವರಿಗೂ ತಿಂದು ಒಂದು ಗಂಟೆಯಾಗುವ ಹೊತ್ತಿಗೆ 140 ದಾಟಿ ಮತ್ತೆ ಇಳಿಯುವುದುಂಟು. ತಿಂದು ಎರಡು ಗಂಟೆಯಾದಾಗ ಎಷ್ಟಿತ್ತು ಅಂತ ನೀವು ಬರೆದೇ ಇಲ್ಲ. ಮೇಲಾಗಿ ಆ ಸೆನ್ಸರ್ ಚರ್ಮದ ಕೆಳಗಿನ ದ್ರವವನ್ನು ಅಳೆಯುತ್ತದೆ, ಲ್ಯಾಬಿನ ಲೆಕ್ಕಕ್ಕಿಂತ ಸ್ವಲ್ಪ ಆಚೀಚೆ ಆಗುವುದು ಮಾಮೂಲು. ತೋಳು ಒತ್ತಿ ಮಲಗಿದರೆ ಸುಮ್ನೆ ‘ಲೋ’ (ಸಕ್ಕರೆ ಇಳಿದಿದೆ) ಅಂತ ಕೂಗುತ್ತದೆ, ಗಾಬರಿಯಾಗಿ ನಡುರಾತ್ರಿ ಎದ್ದು ಸಕ್ಕರೆ ನೀರು ಕುಡಿದವರನ್ನೂ ನೋಡಿದ್ದೇನೆ. ಫಾಸ್ಟಿಂಗ್ 100ರ ಒಳಗೆ, ಎಚ್‌ಬಿಎ1ಸಿ 5.7ರ ಒಳಗೆ ಇದ್ದರೆ ನಾರ್ಮಲ್. (ರಕ್ತಹೀನತೆ ಇದ್ದವರಲ್ಲಿ ಈ ಎರಡನೆಯದು ದಾರಿ ತಪ್ಪಿಸಬಹುದು, ಡಾಕ್ಟರಿಗೆ ಹೇಳಿ.)

ಇಡ್ಲಿ ಬಿಡಬೇಡಿ. ನಾಲ್ಕರ ಬದಲು ಎರಡು ತಿನ್ನಿ, ಜೊತೆಗೆ ತರಕಾರಿ ಹಾಕಿದ ಗಟ್ಟಿ ಸಾಂಬಾರ್ ಇರಲಿ. ದರ್ಶಿನಿ ಸಾಂಬಾರಿನಲ್ಲಿ ಬೇಳೆ ಹುಡುಕಬೇಕು, ಅದು ಬೇರೆ ಮಾತು. ಎಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸುತ್ತಾರಲ್ಲ, ಅವನ್ನು ಮುಗಿಸಿ ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಸಕ್ಕರೆ ಏರುವುದು ನಿಧಾನವಾಗುತ್ತದೆ. ಊಟವಾದ ಮೇಲೆ 10-15 ನಿಮಿಷ ನಡೆಯಿರಿ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತವೆ.

ಆ 148 ಬಿಡಿ, ಸೊಂಟದ ಸುತ್ತಳತೆ ಯಾಕೆ ಬರೆದಿಲ್ಲ? ನಮ್ಮ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದು ದಾಟಿದರೆ ನನಗೆ ಚಿಂತೆ ಜಾಸ್ತಿ. ವರ್ಷಕ್ಕೊಮ್ಮೆ ಲ್ಯಾಬಿನಲ್ಲಿ ರಕ್ತ ಕೊಡಿ. ಮೂರು ವರ್ಷಕ್ಕೊಮ್ಮೆ ಸಾಕು ಅನ್ನುವವರಿದ್ದಾರೆ; ಅಪ್ಪನಿಗೆ ಶುಗರ್ ಇರುವಾಗ ನನಗಂತೂ ಆ ಧೈರ್ಯ ಇಲ್ಲ.

ಪ್ರಶ್ನೆ: ಕಾಫಿಗೆ ಸಕ್ಕರೆ ಬದಲು ಬೆಲ್ಲ ಹಾಕಬಹುದಾ?

ಉತ್ತರ: ರುಚಿಗೆ ಹಾಕಿಕೊಳ್ಳಿ, ರಕ್ತಕ್ಕೆ ಎರಡೂ ಒಂದೇ.

ಪ್ರಶ್ನೆ: ರಾಗಿ ಗಂಜಿ ಎಷ್ಟು ಕುಡಿದರೂ ಶುಗರ್ ಏರಲ್ಲವಂತೆ?

ಉತ್ತರ: ಏರುತ್ತದೆ.

ಪ್ರಶ್ನೆ: ವಾಕಿಂಗ್ ಹೋಗುವ ಪಾರ್ಕಿನ ಹತ್ತಿರ ಒಬ್ಬರು ‘ಶುಗರ್ ಜನ್ಮದಲ್ಲಿ ಬರಲ್ಲ’ ಅಂತ ಪುಡಿ ಕೊಡುತ್ತಾರೆ. ತಗೊಳ್ಳಲಾ?

ಉತ್ತರ: ತಗೊಂಡಿದ್ದರೆ ಇವತ್ತೇ ಎಸೆಯಿರಿ. ಇಂಥ ಪುಡಿಗಳಲ್ಲಿ ಇಂಗ್ಲಿಷ್ ಔಷಧದ ಶುಗರ್ ಮಾತ್ರೆಯನ್ನೇ ಅರೆದು ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಶುಗರ್ ಇಲ್ಲದವರು ಅದನ್ನು ನುಂಗಿದರೆ ಸಕ್ಕರೆ ತೀರಾ ಇಳಿದು, ಬೆವರಿ, ಕಣ್ಣು ಕತ್ತಲೆ ಬಂದು ಅದೇ ಪಾರ್ಕಿನಲ್ಲಿ ಬೀಳಬಹುದು.