ಬ್ರಹ್ಮಕಲಶಕ್ಕೆ ಕೊಟ್ಟ ಹಣ, ತೆರಿಗೆಯ ಲೆಕ್ಕ

ಪ್ರಶ್ನೆ: ನಮ್ಮೂರ ದೇವಸ್ಥಾನದ ಬ್ರಹ್ಮಕಲಶಕ್ಕೆ ಕಳೆದ ಫೆಬ್ರವರಿಯಲ್ಲಿ 50,000 ರೂಪಾಯಿ ನಗದು ಕೊಟ್ಟಿದ್ದೇನೆ. ಹೊರೆಕಾಣಿಕೆಗೆ ಅಕ್ಕಿಯೂ ಹೋಗಿದೆ. ರಶೀದಿ ಉಂಟು. 80ಜಿಯಲ್ಲಿ (ದೇಣಿಗೆಗೆ ತೆರಿಗೆ ವಿನಾಯಿತಿ ಕೊಡುವ ಕಲಂ) ಎಷ್ಟು ಉಳಿಯಬಹುದು? (ಕಾಪುವಿನ ಓದುಗರು)

ಒಂದು ರೂಪಾಯಿಯೂ ಉಳಿಯುವುದಿಲ್ಲ. ಪ್ರತಿ ವರ್ಷ ಇದೇ ಪ್ರಶ್ನೆ, ಅದೂ ಹಣ ಕೊಟ್ಟಾದ ಮೇಲೆ! ಕೊಡುವ ಮೊದಲು ಕೇಳಿದ್ದರೆ ದಾರಿ ಹೇಳುತ್ತಿದ್ದೆ.

ನಗದು 2,000 ರೂಪಾಯಿ ಮೀರಿದರೆ 80ಜಿ ಇಲ್ಲ, ಮೊದಲ 2,000ಕ್ಕೂ ಇಲ್ಲ. ಅಕ್ಕಿ, ತೆಂಗಿನಕಾಯಿ, ಬೆಳ್ಳಿಯ ಪ್ರಭಾವಳಿ, ವಸ್ತುರೂಪದ ಯಾವುದಕ್ಕೂ ಇಲ್ಲ. ಜೀರ್ಣೋದ್ಧಾರದ ದೇಣಿಗೆಗೆ ವಿನಾಯಿತಿ ಸಿಗುವುದು ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿದ ದೇವಸ್ಥಾನಗಳಿಗೆ ಮಾತ್ರ. ಊರಿನ ಗರಡಿ, ದೈವಸ್ಥಾನಗಳಿಗೆ ಅದು ಇದೆ ಎಂದು ಅಂದಾಜಿನ ಮೇಲೆ ನಂಬಬೇಡಿ, ಸಮಿತಿಯವರಲ್ಲಿ ಆದೇಶದ ಪ್ರತಿ ಕೇಳಿ. ಇದೆಲ್ಲ ಸರಿಯಿದ್ದರೂ ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ 80ಜಿ ಅನ್ವಯಿಸುವುದೇ ಇಲ್ಲ. 2023-24ರಿಂದ ನೀವಾಗಿ ಹಳೆಯದನ್ನು ಆರಿಸದಿದ್ದರೆ ಹೊಸದೇ ಗತಿ.

ಹಳೆಯ ಪದ್ಧತಿಯವರು ಕೊಡುವುದಾದರೆ 80ಜಿ ನೋಂದಣಿ ಇರುವ ಟ್ರಸ್ಟಿಗೆ ಚೆಕ್ ಅಥವಾ ಯುಪಿಐ ಮೂಲಕ ಕೊಡಿ, ಪ್ಯಾನ್ ಬರೆಸಿ. ಟ್ರಸ್ಟಿನವರು ಮೇ 31ರೊಳಗೆ ಇಲಾಖೆಗೆ ವಿವರ ಸಲ್ಲಿಸಿ ನಿಮಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ಅದಿಲ್ಲದ ರಶೀದಿ ಬರೀ ಕಾಗದ. ಇಂಥ ಟ್ರಸ್ಟಿಗೆ ಕೊಟ್ಟದ್ದರಲ್ಲಿ ಸಾಮಾನ್ಯವಾಗಿ ಅರ್ಧ ಭಾಗ ಆದಾಯದಿಂದ ಕಳೆಯುತ್ತದೆ, ತೆರಿಗೆಯಿಂದಲ್ಲ. 50,000 ಕೊಟ್ಟರೆ ಆದಾಯದಲ್ಲಿ 25,000 ಕಡಿಮೆ. ಶೇ 20ರ ದರದವರಿಗೆ ಸೆಸ್ ಸೇರಿ ಉಳಿಯುವುದು 5,200 ರೂಪಾಯಿ. ಅದಕ್ಕೂ ಆದಾಯದ ಶೇ 10ರ ಮಿತಿ ಉಂಟು.

ಇನ್ನು ‘ರಾಜಕೀಯ ಪಕ್ಷಕ್ಕೆ ದೇಣಿಗೆ ಕೊಟ್ಟಂತೆ ರಶೀದಿ ಮಾಡಿಸಿಕೊಡುತ್ತೇವೆ, ಕಮಿಷನ್ ಕಳೆದು ಹಣ ವಾಪಸ್’ ಎನ್ನುವ ಏಜೆಂಟರು. ಇದು ಶುದ್ಧ ಮೋಸ. ನಿವೃತ್ತ ಮೇಷ್ಟ್ರೊಬ್ಬರು ಅಂಥವರ ಮಾತು ನಂಬಿ, ಕೊನೆಗೆ ನೋಟಿಸ್ ಹಿಡಿದು ನನ್ನೆದುರು ನಡುಗುತ್ತ ಕೂತಿದ್ದರು. ಸುಳ್ಳು ಲೆಕ್ಕ ಸಾಬೀತಾದರೆ ತಪ್ಪಿಸಿದ ತೆರಿಗೆಯ ದುಪ್ಪಟ್ಟು ದಂಡ, ತೆರಿಗೆ ಮತ್ತು ಬಡ್ಡಿ ಬೇರೆ. ನೋಟಿಸ್ ಬರುವುದು ನಿಮ್ಮ ಹೆಸರಿಗೆ. ಏಜೆಂಟ್ ಅಷ್ಟರಲ್ಲಿ ಸಿಮ್ ಬದಲಿಸಿರುತ್ತಾನೆ.

ಪ್ರಶ್ನೆ: ಪಿಗ್ಮಿ ಕಟ್ಟಿದರೆ 80ಸಿ (ಉಳಿತಾಯಕ್ಕೆ ಸಿಗುವ ತೆರಿಗೆ ವಿನಾಯಿತಿ) ಸಿಗುತ್ತದಾ?

ಇಲ್ಲ.

ಪ್ರಶ್ನೆ: ದುಬೈಯಲ್ಲಿರುವ ಮಗ ತಿಂಗಳಿಗೆ 40,000 ಕಳುಹಿಸುತ್ತಾನೆ. ನನಗೆ ತೆರಿಗೆ ಉಂಟಾ?

ಮಗನ ಹಣಕ್ಕೆ ಇಲ್ಲ. ಅದನ್ನು ಎಫ್‌ಡಿ ಇಟ್ಟರೆ ಬರುವ ಬಡ್ಡಿ ಮಾತ್ರ ನಿಮ್ಮ ಆದಾಯ. ಕಳುಹಿಸುವವನು ಚಿಕ್ಕಪ್ಪನ ಮಗನಾದರೆ ಕತೆ ಬೇರೆ: ವರ್ಷಕ್ಕೆ 50,000 ಮೀರಿದರೆ ಪೂರ್ತಿ ಮೊತ್ತ ನಿಮ್ಮ ಆದಾಯಕ್ಕೆ ಸೇರುತ್ತದೆ.

ಪ್ರಶ್ನೆ: ಹೆಂಡತಿ ಹೆಸರಿನಲ್ಲಿ ಎಫ್‌ಡಿ ಇಟ್ಟರೆ ತೆರಿಗೆ ತಪ್ಪುತ್ತದಾ?

ಹಣ ನಿಮ್ಮದಾದರೆ ಬಡ್ಡಿಯೂ ನಿಮ್ಮ ಲೆಕ್ಕಕ್ಕೇ. ಸೊಸೆಯ ಹೆಸರಿಗೂ ಇದೇ ನಿಯಮ. ತಂದೆತಾಯಿಗೆ ಕೊಟ್ಟರೆ ಬಡ್ಡಿ ಅವರ ಆದಾಯ. ಆದರೆ ಆ ಹಣವೂ ಅವರದೇ, ಮನೆ ಕಟ್ಟುವಾಗ ವಾಪಸ್ ಕೇಳಬೇಡಿ.