ಯಜಮಾನರು ವಾರ್ಡಿನಲ್ಲಿರುವಾಗ ಪ್ರಾರ್ಥನೆ: ಹೊಸದಾಗಿ ಬಂದ ಸಹೋದರಿಗೆ ಉತ್ತರ

ಸಹೋದರಿ, ಕರ್ತನ ನಾಮದಲ್ಲಿ ವಂದನೆ.

ಈ ದೇಶಕ್ಕೆ ಬಂದು ವರ್ಷ ತುಂಬಿಲ್ಲ, ಯಜಮಾನರಿಗೆ ಎಎಂಎಲ್ ಎಂಬ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ಕೀಮೋ ಶುರುವಾಗಿದೆ, ನಮ್ಮವರು ಅಂತ ಹತ್ತಿರ ಯಾರೂ ಇಲ್ಲ, ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ, ವಿಶ್ವಾಸ ಹಿಡಿದುಕೊಂಡು ನಿಲ್ಲುವುದು ಹೇಗೆ ಎಂದು ಕೇಳಿದ್ದೀರಿ.

ಮೊದಲು ದಿನಗಳ ಲೆಕ್ಕ ತಿಳಿದುಕೊಳ್ಳಿ, ಪ್ರಾರ್ಥನೆ ಅದರ ಮೇಲೆ ನಿಲ್ಲಬೇಕು. ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಮೊದಲ ಸುತ್ತಿನ ಕೀಮೋಗೆ '7+3' ಎನ್ನುತ್ತಾರೆ. ಸೈಟರಾಬಿನ್ 7 ದಿನ ಹಗಲೂ ರಾತ್ರಿ ಡ್ರಿಪ್‌ನಲ್ಲಿ ಹೋಗುತ್ತದೆ, ಅದರಲ್ಲಿ 3 ದಿನ ಇನ್ನೊಂದು ಔಷಧಿಯೂ ಸೇರುತ್ತದೆ. ಡ್ರಿಪ್ ನಿಂತ ಮೇಲೇ ನಿಜವಾದ ಕಷ್ಟ. ಬಿಳಿ ರಕ್ತಕಣ ನೆಲಕಚ್ಚುತ್ತದೆ, ಬಾಯಿ ಹುಣ್ಣಾಗುತ್ತದೆ, ಜ್ವರ ಬರುತ್ತದೆ. ಕಣಗಳು ಮತ್ತೆ ಏಳಲು ಮೂರು ನಾಲ್ಕು ವಾರ ಬೇಕು. ಅಂದರೆ ನಿಮ್ಮ ಕೈಯಲ್ಲಿ ಕನಿಷ್ಠ ಒಂದು ತಿಂಗಳಿಗೆ ಸಾಲುವ ಬಲ ಇರಬೇಕು. ಎಷ್ಟೋ ಜನ ಮೊದಲ ವಾರದಲ್ಲೇ ಉಪವಾಸ, ರಾತ್ರಿಯಿಡೀ ಪ್ರಾರ್ಥನೆ ಎಂದು ಕೂತು, ಮೂರನೇ ವಾರ ಜ್ವರ ಏರಿದಾಗ ತಾವೇ ಕುಸಿಯುತ್ತಾರೆ. ದಯವಿಟ್ಟು ಉಪವಾಸ ಬೇಡ. ಯಜಮಾನರಿಗಂತೂ ಬೇಡವೇ ಬೇಡ, ನಿಮಗೂ ಬೇಡ.

ಮಾತು ಹೊರಡದಿದ್ದರೆ ಸ್ವಂತ ಮಾತು ಹುಡುಕಬೇಡಿ. ವಾರ್ಡಿನ ಬಾಗಿಲಲ್ಲಿ ಪ್ರತಿಸಲ ಕೈ ತೊಳೆಯಲೇಬೇಕಲ್ಲ, ಸೋಪು ಹಚ್ಚಿ ಬೆರಳ ಸಂದು, ಹೆಬ್ಬೆರಳು, ಉಗುರ ತುದಿ ಉಜ್ಜಲು ಇಪ್ಪತ್ತು ಸೆಕೆಂಡಾದರೂ ಬೇಕು. ಕರ್ತನು ಕಲಿಸಿದ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ ಮುಗಿಸುವಷ್ಟರಲ್ಲಿ ಕೈ ಸರಿಯಾಗಿ ತೊಳೆದಿರುತ್ತದೆ. ದಿನಕ್ಕೆ ಹತ್ತು ಸಲ ಒಳಗೆ ಹೋದರೆ ಹತ್ತು ಸಲ ಪ್ರಾರ್ಥನೆಯಾಯಿತು. ಓದುವುದಾದರೆ 13ನೇ ಕೀರ್ತನೆ ತೆಗೆಯಿರಿ, ಆರೇ ವಚನ, ಎಷ್ಟು ಕಾಲ ಎಂಬ ಪ್ರಶ್ನೆಯಿಂದಲೇ ಶುರುವಾಗುತ್ತದೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಯಲ್ಲಿಲ್ಲ. ಅದೂ ಸತ್ಯವೇದದಲ್ಲಿದೆ. ನಿಮಗೆ ಕೋಪ ಬಂದಿದ್ದರೆ, ಅಳು ಬಂದಿದ್ದರೆ, ಅದನ್ನೇ ದೇವರ ಮುಂದೆ ಇಡಿ. ಅದು ಅವಿಶ್ವಾಸವಲ್ಲ. ಯಜಮಾನರು ಕೇಳಬೇಕೆಂದರೆ ಓದಿ ರೆಕಾರ್ಡ್ ಮಾಡಿ ಅವರ ಫೋನಿಗೆ ಹಾಕಿ, ಎರಡು ನಿಮಿಷಕ್ಕಿಂತ ಉದ್ದ ಬೇಡ. ಕೀಮೋ ಸಮಯದಲ್ಲಿ ಗಮನ ನಿಲ್ಲುವುದಿಲ್ಲ.

ಅವರು ಇದ್ದಕ್ಕಿದ್ದಂತೆ ಸಿಡುಕಿದರೆ, ರಾತ್ರಿ ನಿದ್ದೆಯಿಲ್ಲದೆ 'ದೇವರೂ ಇಲ್ಲ ಏನೂ ಇಲ್ಲ' ಎಂದರೆ, ವಾಂತಿ ತಡೆಯಲು ಡೆಕ್ಸಾಮೆಥಸೋನ್ ಕೊಡುತ್ತಿದ್ದಾರಾ ಎಂದು ನರ್ಸನ್ನು ಕೇಳಿ. ಆ ಸ್ಟೀರಾಯ್ಡ್ ನಿದ್ದೆ ಕೆಡಿಸುತ್ತದೆ, ಮನಸ್ಸನ್ನೂ ಕೆಣಕುತ್ತದೆ. ಅವರ ಜೊತೆ ವಾದಕ್ಕೆ ಇಳಿಯಬೇಡಿ, ಕೈ ಹಿಡಿದು ಕೂತರೆ ಸಾಕು.

ಇಲ್ಲಿನ ದೊಡ್ಡ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚಾಪ್ಲೇನ್ ಇರುತ್ತಾರೆ, ಇದು ಹೊಸಬರಿಗೆ ಗೊತ್ತಿರುವುದಿಲ್ಲ. ರೋಗಿಗಳ ಆತ್ಮಿಕ ಆರೈಕೆಗೆಂದೇ ಇರುವವರು, ಫೀಸು ಕೇಳುವುದಿಲ್ಲ. ಅಡ್ಮಿಷನ್ ಫಾರಂನಲ್ಲಿ ಧರ್ಮದ ಕಾಲಂ ಖಾಲಿ ಬಿಟ್ಟಿದ್ದರೆ ಅವರು ತಾವಾಗಿ ಬರದೇ ಇರಬಹುದು. ನರ್ಸ್ ಹತ್ತಿರ 'ಚಾಪ್ಲೇನ್ ಬೇಕು' ಎಂದರೆ ಸಾಕು, ಕ್ಯಾಥೊಲಿಕರೋ ಪ್ರೊಟೆಸ್ಟಂಟರೋ ಎಂಬುದನ್ನೂ ಹೇಳಿ.

ಕ್ಯಾಥೊಲಿಕರಾಗಿದ್ದರೆ ರೋಗಿಗಳ ಅಭಿಷೇಕಕ್ಕೆ, ಅಂದರೆ ಪಾದ್ರಿ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರಕ್ಕೆ, ಹೆದರಬೇಡಿ. ಅದು ಸಾಯುವವರಿಗೆ ಮಾತ್ರ ಎಂಬ ಮಾತು ಹಳೆಯದು. 1972ರಲ್ಲಿ ಪೋಪ್ ಆರನೇ ಪೌಲರು ಅದರ ವಿಧಿಯನ್ನು ಪರಿಷ್ಕರಿಸಿದರು, ಗಂಭೀರ ಕಾಯಿಲೆಯ ಯಾರಾದರೂ ಪಡೆಯಬಹುದು, ಕಾಯಿಲೆ ಉಲ್ಬಣಿಸಿದರೆ ಮತ್ತೆ ಪಡೆಯಬಹುದು. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ರೋಗಿಗೂ ಇಲ್ಲ, ಅವರನ್ನು ನೋಡಿಕೊಳ್ಳುವ ನಿಮಗೂ ಇಲ್ಲ. ಬಾಯಿ ಹುಣ್ಣಾಗಿದ್ದರೆ ಚಿಕ್ಕ ಚೂರು ಸಾಕು. ಪ್ರೊಟೆಸ್ಟಂಟರಾದರೆ ಯಾಕೋಬನ ಪತ್ರಿಕೆ 5:14ರಂತೆ ಸಭೆಯ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿ ಪ್ರಾರ್ಥಿಸಬಹುದು. ಒಂದು ಎಚ್ಚರಿಕೆ: ಎಣ್ಣೆ ಹಣೆಗೆ ಒಂದು ತೊಟ್ಟು ಮಾತ್ರ. ಔಷಧಿ ಹೋಗಲು ತೋಳಿಗೋ ಎದೆಗೋ ಹಾಕಿರುವ ಲೈನಿನ (ತೆಳು ನಳಿಗೆಯ) ಪಾರದರ್ಶಕ ಪಟ್ಟಿಯ ಹತ್ತಿರ ಬಿದ್ದರೆ ಅಂಟು ಬಿಡುತ್ತದೆ, ಅಂಚು ಎದ್ದ ಜಾಗದಿಂದ ಸೋಂಕು ನೇರ ರಕ್ತಕ್ಕೆ ಹೋಗುವ ಅಪಾಯವಿದೆ. ಆಮ್ಲಜನಕ ಹಾಕಿದ್ದರೆ ಎಣ್ಣೆಗೆ ಮುಂಚೆ ನರ್ಸನ್ನು ಕೇಳಿ, ಮೇಣದಬತ್ತಿ ಹಚ್ಚುವ ಮಾತೇ ಇಲ್ಲ. ಎಲ್ಲರೂ ಕುಡಿಯುವ ಒಂದೇ ಪಾತ್ರೆಯ ದ್ರಾಕ್ಷಾರಸ ಬೇಡ. ಪುಣ್ಯಕ್ಷೇತ್ರದಿಂದ ತಂದ ತೀರ್ಥ ಕುಡಿಸಬೇಡಿ, ಚಿಮುಕಿಸಲೂ ಬೇಡಿ, ಬಾಟಲಿಯಲ್ಲಿ ನಿಂತ ನೀರಿನಲ್ಲಿ ರೋಗಾಣು ಬೆಳೆಯುತ್ತದೆ. ಎಂಆರ್‌ಐಗೆ ಮುಂಚೆ ಲೋಹದ ಶಿಲುಬೆ, ಜಪಸರ ತೆಗೆದು ನಿಮ್ಮ ಚೀಲದಲ್ಲಿಡಿ.

ಸಭೆಯವರು ಬಂದೇ ಬರುತ್ತಾರೆ, ಪ್ರೀತಿಯಿಂದಲೇ. ಆದರೆ ಹತ್ತು ಜನ ಹಾಸಿಗೆ ಸುತ್ತ ನಿಂತು ಪ್ರಾರ್ಥಿಸುವ ಕಾಲ ಇದಲ್ಲ. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ 500ಕ್ಕಿಂತ ಕೆಳಗಿರುವಾಗ ಒಬ್ಬರ ನೆಗಡಿ ಇವರಿಗೆ ನ್ಯುಮೋನಿಯಾ ಆಗಬಹುದು. ಸಭೆಯವರಿಗೆ ಬೇರೆ ಕೆಲಸ ಕೊಡಿ: ಒಬ್ಬರು ಆಸ್ಪತ್ರೆಗೆ ಕಾರಿನಲ್ಲಿ ಬಿಡಲಿ, ಒಬ್ಬರು ಬಟ್ಟೆ ಒಗೆಯಲಿ, ಒಬ್ಬರು ವಾಟ್ಸ್ಯಾಪ್ ಪ್ರಾರ್ಥನಾ ಗುಂಪಿಗೆ ನಿಮ್ಮ ಪರವಾಗಿ ಸುದ್ದಿ ಹಾಕಲಿ. ಯಾವ ಸುದ್ದಿ ಹಾಕಬಹುದು ಎಂಬುದನ್ನು ಯಜಮಾನರನ್ನೇ ಕೇಳಿ, ರಕ್ತದ ರಿಪೋರ್ಟಿನ ಫೋಟೋ ಬೇಡ.

'ಪೂರ್ತಿ ವಿಶ್ವಾಸವಿದ್ದರೆ ಔಷಧಿ ಯಾಕೆ' ಎನ್ನುವವರೂ ಸಿಗುತ್ತಾರೆ. ಅವರ ಮಾತಿಗೆ ಕೀಮೋ ಬಿಟ್ಟರೆ ಈ ಕಾಯಿಲೆ ವಾರಗಳಲ್ಲೇ ಕೈಮೀರಬಹುದು. ಶರೀರದಲ್ಲಿ ನಾಟಿದ್ದ ಮುಳ್ಳನ್ನು ತೆಗೆ ಎಂದು ಅಪೊಸ್ತಲ ಪೌಲನು ಮೂರು ಸಲ ಬೇಡಿದನು, ತೆಗೆಯಲಿಲ್ಲ, ಸಿಕ್ಕಿದ್ದು ಕೃಪೆ. ಸುವಾರ್ತೆ ಬರೆದ ಲೂಕನೇ ವೈದ್ಯ. ಖಂಡಿತ ವಾಸಿಯಾಗುತ್ತದೆ ಎಂಬ ಭರವಸೆಯನ್ನು ನಾನು ಕೊಡಲಾರೆ, ಕೊಡುವವರನ್ನೂ ನಂಬಬೇಡಿ. ವಾಸಿಯಾಗಲಿ ಎಂದು ಬೇಡಿಕೊಳ್ಳಿ, ಧೈರ್ಯವಾಗಿ ಬೇಡಿಕೊಳ್ಳಿ. ಜೊತೆಗೆ ನಾಳೆಯ ಒಂದು ದಿನಕ್ಕೆ ಬಲ ಕೇಳಿ.

ಮನೆಗೆ ಕಳುಹಿಸಿದ ಮೇಲೆ ಥರ್ಮಾಮೀಟರ್ ತಲೆದೆಸೆಯಲ್ಲಿರಲಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಮಧ್ಯರಾತ್ರಿಯಾದರೂ, ಡಿಸ್ಚಾರ್ಜ್ ದಿನ ಕೊಟ್ಟ ತುರ್ತು ನಂಬರಿಗೆ ತಕ್ಷಣ ಫೋನ್ ಮಾಡಿ. ಆಸ್ಪತ್ರೆಯವರನ್ನು ಕೇಳದೆ ಪ್ಯಾರಸಿಟಮಾಲ್ ಕೊಡಬೇಡಿ, ಜ್ವರ ಮರೆಯಾಗಿ ಸೋಂಕು ಒಳಗೇ ಏರುತ್ತದೆ. ಮೊಣಕಾಲೂರಿ ಕೂರಬೇಡಿ, ಹೊರಡಿ. ಕಾರಿನಲ್ಲಿ ಪ್ರಾರ್ಥಿಸಿ.